ತೆಳುಪದರದ ಮೇಲೆ ಲೇಸರ್ ಶಾಖ: ಒಂದು ಲೆಕ್ಕದ ಪಾಠ



ಕೊಯಮತ್ತೂರು ಪಂಪುಗಳಿಗೆ ಹೆಸರಾದ ಊರು. ಯಂತ್ರಗಳ ಹೆಸರಿನ ಫಲಕದಲ್ಲಿ ಲೋಹದ ಮೇಲಿನ ಬಣ್ಣದ ತೆಳುಪದರವನ್ನು ಲೇಸರ್ ಕಿರಣದಿಂದ ಸುಟ್ಟು ಅಕ್ಷರ ಮೂಡಿಸುವ ವಿಧಾನವು ಇಂದು ಕೈಗಾರಿಕೆಗಳಲ್ಲಿ ರೂಢಿಯಲ್ಲಿದೆ. ಪದರ ಸುಡಬೇಕು, ಕೆಳಗಿನ ತಗಡು ಕೆಡಬಾರದು. ಇಷ್ಟು ತೆಳುವಾದ ಪದರದೊಳಗೆ ಉಷ್ಣತಾಮಾಪಕವನ್ನು ಇಡುವುದು ಅಸಾಧ್ಯವಾದುದರಿಂದ ಲೆಕ್ಕವೇ ಗತಿ.

ಮೊದಲ ಲೇಸರನ್ನು 1960ರಲ್ಲಿ ಅಮೆರಿಕದ ಮೈಮನ್ ಅವರು ಬೆಳಗಿಸಿದರು. ಆದರೆ ಘನವಸ್ತುವಿನಲ್ಲಿ ಶಾಖ ಹರಿಯುವ ನಿಯಮವನ್ನು ಫ್ರಾನ್ಸಿನ ಫೂರಿಯೇ ಅವರು 1822ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದ್ದರು. ಶಾಖವು ಸಾಗುವ ದೂರವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ ಎಂಬುದು ಅದರ ಒಂದು ಫಲಿತ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ ಶಾಖವು ಗಾಜಿನಲ್ಲಿ ಸುಮಾರು 0.7 ಮೈಕ್ರೊಮೀಟರ್, ತಾಮ್ರದಲ್ಲಿ ಸುಮಾರು 10 ಮೈಕ್ರೊಮೀಟರ್ ಇಳಿಯುತ್ತದೆ. ಆದ್ದರಿಂದಲೇ ತಳದ ವಸ್ತು ಯಾವುದೆಂಬುದು ಮುಖ್ಯ.

ಈಗ ಲೆಕ್ಕ. ವಸ್ತುವನ್ನು ಸಮದಪ್ಪದ ಹೋಳುಗಳಾಗಿ ಭಾವಿಸಿರಿ. ಸರಳತೆಗಾಗಿ ಪದರವೂ ತಳವೂ ಒಂದೇ ವಸ್ತುವಾಗಿರಲಿ. ಮೇಲ್ಮೈಯಿಂದ ಗಾಳಿಗೆ ಶಾಖ ಹೋಗದಿರಲಿ. ಲೇಸರ್ ಮಿಂಚಿ ಆರಿದ ಕ್ಷಣದಲ್ಲಿ ಮೇಲಿನ ಹೋಳು ಸುತ್ತಣಕ್ಕಿಂತ 400 ಡಿಗ್ರಿ ಹೆಚ್ಚು ಬಿಸಿ, ಉಳಿದವು 0. ನಿಯಮವಿದು: ಪ್ರತಿ ಹೆಜ್ಜೆಯಲ್ಲಿ ಹೋಳಿನ ಹೊಸ ಬೆಲೆ ಎಂದರೆ ತನ್ನ ಹಳೆಯ ಬೆಲೆಯ ಅರ್ಧ, ಜೊತೆಗೆ ಎರಡು ನೆರೆಹೋಳುಗಳ ತಲಾ ಕಾಲು ಭಾಗ. ಮೇಲಿನ ಹೋಳಿಗೆ ಒಂದೇ ನೆರೆ ಇರುವುದರಿಂದ ತನ್ನ ಮುಕ್ಕಾಲು, ನೆರೆಯ ಕಾಲು.

ಆರಂಭ: 400, 0, 0
ಮೊದಲ ಹೆಜ್ಜೆ: 300, 100, 0
ಎರಡನೆಯ ಹೆಜ್ಜೆ: 250, 125, 25

ಪ್ರತಿ ಸಾಲಿನ ಮೊತ್ತ 400. ಶಾಖ ಹಂಚಿಹೋಯಿತೇ ಹೊರತು ನಾಶವಾಗಲಿಲ್ಲ. ಗಣಕಯಂತ್ರವು ಇದನ್ನೇ ಲಕ್ಷಾಂತರ ಬಾರಿ ಮಾಡುತ್ತದೆ. ಲೇಸರ್ ಉರಿಯುತ್ತಿರುವಾಗ ಪದರವು ಹೀರಿದ ಶಾಖವನ್ನು ಹೆಜ್ಜೆಹೆಜ್ಜೆಗೂ ಕೂಡಿಸಬೇಕು. ಪದರವೂ ತಳವೂ ಬೇರೆ ವಸ್ತುಗಳಾದರೆ, ಪದರ ಬಿಟ್ಟಷ್ಟೇ ಶಾಖ ತಳಕ್ಕೆ ಸೇರುವಂತೆ ಗಡಿಯಲ್ಲಿ ನೋಡಿಕೊಳ್ಳಬೇಕು.

ಒಂದು ಎಚ್ಚರ. ಅವಸರಪಟ್ಟು ಕಾಲದ ಹೆಜ್ಜೆಯನ್ನು ನಾಲ್ಕು ಪಟ್ಟು ಉದ್ದ ಮಾಡಿದರೆ ಇದೇ ಲೆಕ್ಕವು 0, 400, 0 ಎಂದೂ, ಮುಂದೆ 400, -400, 400 ಎಂದೂ ಬರುತ್ತದೆ. ಸುತ್ತಣ ಉಷ್ಣತೆ 30 ಡಿಗ್ರಿ ಎಂದಾದರೆ ನಡುವಿನ ಹೋಳು -370 ಡಿಗ್ರಿ ಸೆಲ್ಸಿಯಸ್! ಜಗತ್ತಿನಲ್ಲಿ -273ಕ್ಕಿಂತ ಕೆಳಗೆ ಉಷ್ಣತೆಯೇ ಇಲ್ಲ. ಮೊತ್ತ ಮಾತ್ರ ಈಗಲೂ 400 ಎಂಬುದನ್ನು ಗಮನಿಸಿರಿ. ಒಂದೇ ಪರೀಕ್ಷೆ ಸಾಲದು. ಹೋಳನ್ನು ಅರ್ಧ ಮಾಡಿದರೆ ಕಾಲದ ಹೆಜ್ಜೆಯನ್ನು ಕಾಲು ಭಾಗಕ್ಕೆ ಇಳಿಸಬೇಕೆಂಬುದೂ ನೆನಪಿರಲಿ.

ಇಂತಹ ವಿಷಯಗಳು ಕನ್ನಡದಲ್ಲಿ ಕಲಿತವರಿಗೆ ಎಟುಕವು ಎಂದು ಈ ತಮಿಳು ಸೀಮೆಯಲ್ಲಿರುವ ನಮ್ಮ ಪೋಷಕರು ಹೇಳುವುದನ್ನು ಕೇಳಿದ್ದೇನೆ. ಮೇಲಿನ ಲೆಕ್ಕಕ್ಕೆ ಬೇಕಾದುದು ಕೂಡುವುದು, ಭಾಗಿಸುವುದು ಮತ್ತು ತಾಳ್ಮೆ. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿದ ನನಗೆ ಅವು ಮೂರೂ ಶಾಲೆಯಲ್ಲಿಯೇ ದೊರೆತವು. ಮೂರನೆಯ ಹೆಜ್ಜೆಯನ್ನು ನೀವೇ ಮಾಡಿರಿ. ನಾಲ್ಕನೆಯ ಹೋಳನ್ನು ಮರೆಯದಿರಿ. ಮೇಲಿನ ಹೋಳಿಗೆ 218.75 ಬಂದರೆ ಪಾಠ ಅರ್ಥವಾಯಿತೆಂದು ತಿಳಿಯಿರಿ.