ಹುಲಿಯ ವೇಷ ತೊಟ್ಟು ಕಲಿತ ಪಾಠ

2024ರ ಆಗಸ್ಟ್ ತಿಂಗಳ ಕೊನೆಯಲ್ಲಿ ಒಂದು ದಿನ ನಮ್ಮ ಇತಿಹಾಸದ ಅಧ್ಯಾಪಕರು ಹಾಜರಿ ಕರೆಯುತ್ತ ನನ್ನ ಹೆಸರಿಗೆ ಬಂದು ನಿಂತರು. "ಏನು ಮಾರಾಯ, ಕಿವಿಯ ಹಿಂದೆ ಅದೆಂಥದು ಹಳದಿ? ಮದುವೆಯ ಅರಸಿನವೋ?" ಎಂದು ಕೇಳಿದರು. ತರಗತಿ ನಕ್ಕಿತು. "ಅಲ್ಲ ಸಾರ್, ಹುಲಿಯ ಬಣ್ಣ" ಎಂದೆ. ತರಗತಿ ಇನ್ನೂ ಜೋರಾಗಿ ನಕ್ಕಿತು. ಅವರು ಮಾತ್ರ ನಗಲಿಲ್ಲ. "ಹಾಗಾದರೆ ನಮ್ಮ ವಾರ್ಷಿಕ ಸಂಚಿಕೆಗೆ ಬರೆದುಕೊಡು. ಬರೀ ಕುಣಿದೆ, ಹಾರಿದೆ ಎಂದು ಬರೆದರೆ ಸಾಲದು, ಮನುಷ್ಯನು ಮೃಗದ ವೇಷ ಏಕೆ ಹಾಕುತ್ತಾನೆ, ನಮ್ಮಲ್ಲಿ ಮಾತ್ರ ಹಾಕುತ್ತಾನೋ ಬೇರೆ ಕಡೆಯೂ ಉಂಟೋ, ಅದನ್ನೆಲ್ಲ ಯೋಚಿಸಿ ಬರೆ" ಎಂದರು. ಗುರುಗಳ ಆ ಮಾತಿನ ಫಲವೇ ಈ ಲೇಖನ. ನಾನು ವಿದ್ವಾಂಸನಲ್ಲ, ಒಂದು ದಿನದ ಮಟ್ಟಿಗೆ ಹುಲಿಯಾಗಿದ್ದವನು, ಅಷ್ಟೆ. ತಪ್ಪುಗಳಿದ್ದರೆ ವಾಚಕರು ಮನ್ನಿಸಬೇಕು.

ಘಟ್ಟದ ಮೇಲಿನಿಂದ ಬಂದಿರುವ ಸಹಪಾಠಿಗಳಿಗಾಗಿ ಮೊದಲು ಎರಡು ಮಾತು. ನಮ್ಮ ತುಳುನಾಡಿನಲ್ಲಿ ಹುಲಿವೇಷಕ್ಕೆ 'ಪಿಲಿ ವೇಷ' ಎನ್ನುತ್ತಾರೆ. ಪಿಲಿ ಎಂದರೆ ತುಳುವಿನಲ್ಲಿ ಹುಲಿ. ಮಂಗಳೂರಿನ ಕಡೆ ಇದು ನವರಾತ್ರಿಯಲ್ಲಿ, ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಕಾಲದಲ್ಲಿ ವಿಶೇಷ. ಅಷ್ಟಮಿಯ ಮರುದಿನ ಉಡುಪಿಯಲ್ಲಿ ವಿಟ್ಲಪಿಂಡಿ. ಅಂದು ಕೃಷ್ಣನ ಮಣ್ಣಿನ ಮೂರ್ತಿಯನ್ನು ರಥದಲ್ಲಿಟ್ಟು ರಥಬೀದಿಯಲ್ಲಿ ಎಳೆಯುತ್ತಾರೆ. ಗೊಲ್ಲರ ವೇಷದವರು ಮೊಸರುಕುಡಿಕೆ ಒಡೆಯುತ್ತಾರೆ. ಕೊನೆಗೆ ಮೂರ್ತಿಯನ್ನು ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ಆ ಜನಸಾಗರದ ನಡುವೆ ತಾಸೆ, ಡೋಲುಗಳ ಬಡಿತಕ್ಕೆ ಹುಲಿಗಳು ಕುಣಿಯುತ್ತವೆ. ಪಟ್ಟೆಯ ಹುಲಿಯುಂಟು, ಚುಕ್ಕೆಯ ಚಿರತೆಯುಂಟು, ಕಪ್ಪು ಹುಲಿಯೂ ಉಂಟು. ಪಳಗಿದವರು ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಿಯಿಂದ ಎತ್ತುತ್ತಾರೆ. ಅಕ್ಕಿಯ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುತ್ತಾರೆ. ನನ್ನಿಂದ ಇವೆರಡೂ ಆಗಲಿಲ್ಲವೆಂದು ಈಗಲೇ ಒಪ್ಪಿಕೊಳ್ಳುತ್ತೇನೆ.

ಈ ವೇಷವನ್ನು ಅನೇಕರು ಸಂತೋಷಕ್ಕಾಗಿ ಹಾಕುತ್ತಾರೆ, ಕೆಲವರು ಸಂಪಾದನೆಗಾಗಿ, ಮತ್ತೆ ಕೆಲವರು ಹರಕೆಗಾಗಿ. ನನ್ನದು ಹರಕೆಯ ವೇಷ; ಅದೂ ನಾನು ಹೊತ್ತ ಹರಕೆಯಲ್ಲ. ನನಗೆ ಆರು ವರ್ಷವಾಗಿದ್ದಾಗ ಜ್ವರ ಬಂದು ಹದಿನಾಲ್ಕು ದಿನ ಬಿಡಲಿಲ್ಲವಂತೆ. "ಮಗು ಎದ್ದು ಕೂತರೆ ಒಂದು ವರ್ಷ ಹುಲಿ ಕುಣಿಸುತ್ತೇನೆ" ಎಂದು ನನ್ನ ಅಜ್ಜಿ ಹೇಳಿಕೊಂಡರು. ಮಗು ಎದ್ದಿತು, ಹುಲಿ ಮಾತ್ರ ಕುಣಿಯಲಿಲ್ಲ. ಓದುವ ಹುಡುಗ ಬೀದಿಯಲ್ಲಿ ಕುಣಿಯುವುದು ತಂದೆಯವರಿಗೆ ಸರಿಕಾಣಲಿಲ್ಲ. ದೊಡ್ಡವನಾದ ಮೇಲೆ ನನಗೂ ಅದು ಮೂಢನಂಬಿಕೆಯೆಂದೇ ತೋರಿತು. ಜ್ವರ ಬಿಟ್ಟದ್ದು ಔಷಧದಿಂದಲ್ಲವೇ ಎಂದು ಒಮ್ಮೆ ಅಜ್ಜಿಯ ಎದುರಿಗೇ ವಾದಿಸಿದ್ದೆ. ಅವರು "ಹೌದು ಮಗಾ, ಆದರೆ ಮಾತು ಕೊಟ್ಟವಳು ನಾನಲ್ಲವಾ?" ಎಂದಿದ್ದರು. ಈಗ ಅವರ ಕಣ್ಣು ಮಸುಕಾಗಿದೆ. ಬಾಗಿಲಲ್ಲಿ ನಿಂತವರು ಯಾರೆಂದು ಧ್ವನಿಯಿಂದ ತಿಳಿಯುತ್ತಾರೆ. ಇನ್ನು ತಡಮಾಡಿದರೆ ಹುಲಿಯನ್ನು ನೋಡಲು ಅವರಿಗೆ ಆಗಲಿಕ್ಕಿಲ್ಲ ಎಂಬ ಭಯವೊಂದೇ ನನ್ನನ್ನು ನಮ್ಮೂರಿನ ತಂಡದ ಗುರುಗಳ ಬಳಿಗೆ ಕರೆದೊಯ್ದಿತು.

ಗುರುಗಳು ಮೂರು ನಿಯಮ ಹೇಳಿದರು. ಒಂದು, ಬಣ್ಣ ಬಿದ್ದ ಮೇಲೆ ಹುಲಿ ಮಾತನಾಡಬಾರದು. ಎರಡು, ಜನರ ಎದುರು ಹುಲಿಯ ತಲೆಯನ್ನು ತೆಗೆಯಬಾರದು. ಮೂರು, ಮಗು ಹೆದರಿದರೆ ಹುಲಿ ಕುಳಿತುಕೊಳ್ಳಬೇಕು. ಇವನ್ನು ಕೇಳುವಾಗ ಸುಲಭವೆನಿಸಿತು.

ಅಷ್ಟಮಿಯ ರಾತ್ರಿ ಊದಿನ ಹೊಗೆ ಹಾಕಿ ಪೂಜೆಯಾದ ಮೇಲೆ ಬಣ್ಣ ಪ್ರಾರಂಭವಾಯಿತು. ಕೈಗಳನ್ನು ಚಾಚಿ, ಅಡ್ಡ ಕಟ್ಟಿದ ಬಿದಿರನ್ನು ಹಿಡಿದು ನಿಲ್ಲಬೇಕು. ಕುಳಿತರೆ ಬಣ್ಣ ಮಡಿಕೆಯಲ್ಲಿ ಅಂಟಿಕೊಳ್ಳುತ್ತದೆ. ಮೊದಲು ಬಿಳಿ, ಅದರ ಮೇಲೆ ಹಳದಿ. ಹಳದಿ ಹಸಿಯಾಗಿರುವಾಗಲೇ ಸಣ್ಣಗೆ ಕತ್ತರಿಸಿದ ಕುರಿಯ ಉಣ್ಣೆಯನ್ನು ಮೈಗೆ ಹಚ್ಚಿದರು. ಬಳಿಕ ಕಪ್ಪು ಪಟ್ಟೆಗಳು. ಚರ್ಮ ಮೊದಲು ತಣ್ಣಗಾಯಿತು, ಆಮೇಲೆ ಬಿಗಿಯಿತು, ಕೊನೆಗೆ ಉರಿಯತೊಡಗಿತು. ಬೆಳಗಿನ ಜಾವ ನನ್ನ ತೋಳನ್ನು ನಾನೇ ಮುಟ್ಟಿ ನೋಡಿದೆ. ಅದು ನನ್ನ ತೋಳಾಗಿರಲಿಲ್ಲ. ಮಲಗುವಂತಿಲ್ಲ, ಒರಗುವಂತಿಲ್ಲ, ಮೂಗು ತುರಿಸಿದರೆ ಕೆರೆಯುವಂತಿಲ್ಲ. ಹುಲಿಯ ಗಾಂಭೀರ್ಯದ ಗುಟ್ಟು ಇದೇ ಇರಬಹುದೆಂದು ನನಗೆ ಆಗ ಹೊಳೆಯಿತು!

ಮೈಗೆಲ್ಲ ಬಣ್ಣ ಬಳಿದರೆ ಚರ್ಮಕ್ಕೆ ಉಸಿರಾಡಲಾಗದೆ ಮನುಷ್ಯ ಸಾಯುತ್ತಾನೆ ಎಂಬ ಮಾತೊಂದುಂಟು. ಇದು ಸರಿಯಲ್ಲ. ನಾವು ಉಸಿರಾಡುವುದು ಶ್ವಾಸಕೋಶದಿಂದ, ಚರ್ಮದಿಂದಲ್ಲ. ನಿಜವಾದ ಅಪಾಯ ಸೆಕೆಯದು. ಒಂದು ಗ್ರಾಂ ಬೆವರು ಆವಿಯಾಗುವಾಗ ದೇಹದಿಂದ ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ ಎಂದು ವಿಜ್ಞಾನ ಓದುವ ಮಿತ್ರನೊಬ್ಬ ನನಗೆ ವಿವರಿಸಿದನು. ಎಣ್ಣೆಬಣ್ಣವೂ ಉಣ್ಣೆಯೂ ಈ ಆವಿಗೆ ಅಡ್ಡಬರುತ್ತವೆ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು. ಆದುದರಿಂದಲೇ ಅನುಭವಿಗಳು ಸ್ವಲ್ಪ ಕುಣಿದು ಸ್ವಲ್ಪ ನೆರಳಿಗೆ ಸರಿಯುತ್ತಾರೆ, ಆಗಾಗ ನೀರು ಕುಡಿಯುತ್ತಾರೆ. ಮೊದಲನೆಯ ಮನೆಯಂಗಳದಲ್ಲೇ ನಾನು ಶಕ್ತಿಯನ್ನೆಲ್ಲ ಸುರಿದು ಕುಣಿದೆ. ಮೂರನೆಯ ಮನೆಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂದಿತು. ನನ್ನ ಚಿಕ್ಕಪ್ಪನ ಮಗನು ಕೊಡೆ ಹಿಡಿದು, ಎಳನೀರು ಕುಡಿಸಿ ಉಳಿಸಿದನು.

ಈ ತಮ್ಮನ ಉಪಕಾರವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಹುಲಿಯ ತಲೆ ಹಣೆಯ ಮೇಲೆ ಜಾರಿದರೆ ಎದುರಿನ ನಾಲ್ಕು ಮಾರು ಬಿಟ್ಟು ಬೇರೇನೂ ಕಾಣದು. ಮೆಟ್ಟಿಲು, ಚರಂಡಿ, ನಾಯಿ ಎಲ್ಲಕ್ಕೂ ಅವನೇ ನನ್ನ ಕಣ್ಣು. ಊರೆಲ್ಲ ಹೆದರುವ ಹುಲಿಯನ್ನು ಹೈಸ್ಕೂಲಿನ ಹುಡುಗನೊಬ್ಬ ಕೈಹಿಡಿದು ಚರಂಡಿ ದಾಟಿಸುವುದನ್ನು ವಾಚಕರು ಊಹಿಸಿಕೊಳ್ಳಲಿ.

ಒಂದು ಅಂಗಳದಲ್ಲಿ ಮೂರು ವರ್ಷದ ಹೆಣ್ಣುಮಗು ನನ್ನನ್ನು ಕಂಡು ಚೀರಿ ತಾಯಿಯ ಸೆರಗಿನೊಳಗೆ ಹೊಕ್ಕಿತು. ನಾನು ನಿಯಮದಂತೆ ಕುಳಿತೆ. ತಾಸೆ ನಿಂತಿತು. ಬಹಳ ಹೊತ್ತಿನ ಮೇಲೆ ಮಗು ಒಂದು ಬೆರಳು ಚಾಚಿ ನನ್ನ ಮೊಣಕೈಯ ಉಣ್ಣೆಯನ್ನು ಮುಟ್ಟಿ ಕೈ ಹಿಂದೆಗೆದುಕೊಂಡಿತು, ಮತ್ತೆ ಮುಟ್ಟಿತು, ನಕ್ಕಿತು. ಆ ಹೊತ್ತಿಗೆ ಅಲ್ಲಿ ನಾನೆಂಬ ಬಿ.ಎ. ವಿದ್ಯಾರ್ಥಿಗೆ ಯಾವ ಕೆಲಸವೂ ಇರಲಿಲ್ಲ.

ಇನ್ನು ಅಧ್ಯಾಪಕರ ಎರಡನೆಯ ಪ್ರಶ್ನೆ: ಇದು ನಮ್ಮಲ್ಲಿ ಮಾತ್ರವೇ? ಖಂಡಿತ ಅಲ್ಲ. ಉತ್ತರ ಕರ್ನಾಟಕದಲ್ಲಿ ಮೊಹರಂ ಹಬ್ಬಕ್ಕೆ ಹರಕೆ ಹೊತ್ತು ಹುಲಿವೇಷ ಹಾಕುವವರಿದ್ದಾರೆ. ಅವರಲ್ಲಿ ಹಿಂದೂಗಳೂ ಉಂಟು. ಕೇರಳದ ತೃಶ್ಶೂರಿನಲ್ಲಿ ಓಣಂ ಹಬ್ಬದ ನಾಲ್ಕನೆಯ ದಿನ ಪುಲಿಕಳಿ. ಅಲ್ಲಿ ದೊಡ್ಡ ಹೊಟ್ಟೆಯವರಿಗೇ ಬೆಲೆ, ಹೊಟ್ಟೆಯ ಮೇಲೆಯೇ ಹುಲಿಯ ಮುಖ ಬರೆಯುತ್ತಾರೆ. ಒಡಿಶಾದ ಬ್ರಹ್ಮಪುರದಲ್ಲಿ ಠಾಕುರಾಣಿ ಜಾತ್ರೆಗೆ ಬಾಘ ನಾಚ ಎಂಬ ಹುಲಿಕುಣಿತವಿದೆ.

ದೇವರ ಹಂಗಿಲ್ಲದೆ ಮೃಗವಾಗುವವರೂ ಇದ್ದಾರೆ. ಅಮೆರಿಕದಲ್ಲಿ ಮನುಷ್ಯರಂತೆ ಮಾತನಾಡುವ, ನಡೆಯುವ ಪ್ರಾಣಿಗಳ ಚಿತ್ರ ಮತ್ತು ಕಥೆಗಳನ್ನು ಪ್ರೀತಿಸುವವರದೇ ಒಂದು ಬಳಗವುಂಟು. ಅವರನ್ನು ಫರ್ರಿಗಳು ಎನ್ನುತ್ತಾರೆ. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಇವರ ಒಂದು ಸಮಾವೇಶ ಸೇರಿತು. 1997ರಲ್ಲಿ ಆರಂಭವಾದ ಆಂತ್ರೋಕಾನ್ ಎಂಬ ಸಮಾವೇಶವು 2006ರಿಂದ ಪಿಟ್ಸ್‌ಬರ್ಗ್ ನಗರದಲ್ಲಿ ಸೇರುತ್ತ ಬಂದಿದೆ. ಅವರಲ್ಲಿ ಕೆಲವರು ಫರ್‌ಸೂಟ್ ಎಂಬ ಉಡುಪು ತೊಡುತ್ತಾರೆ: ಸ್ಪಂಜಿನಿಂದ ಕಟ್ಟಿದ ತಲೆ, ಕೃತಕ ತುಪ್ಪಳದ ಮೈ, ಪಂಜ, ಬಾಲ. ಕಣ್ಣಿನ ಜಾಗದಲ್ಲಿ ಸಣ್ಣ ಜಾಲರಿ. ಅದರ ಮೂಲಕವೇ ಹೊರಗಿನ ಪ್ರಪಂಚ. ಜಾರಿ ಬೀಳದಂತೆ ಜೊತೆಗೊಬ್ಬ ಸಹಾಯಕನು ನಡೆಯುತ್ತಾನೆ. ಸೆಕೆ ತಡೆಯದಾದಾಗ ತಲೆ ತೆಗೆದು ನೀರು ಕುಡಿಯಲು ಮರೆಯಾದ ಕೋಣೆಯೊಂದನ್ನು ಏರ್ಪಡಿಸಿರುತ್ತಾರೆ; ಜನರ ಎದುರು ತಲೆ ತೆಗೆಯುವುದು ಅವರಲ್ಲಿಯೂ ಮರ್ಯಾದೆಯಲ್ಲ. ವೇಷದಲ್ಲಿರುವಷ್ಟು ಹೊತ್ತು ಮಾತನ್ನೇ ಆಡದವರು ಎಷ್ಟೋ ಮಂದಿ. ಇದನ್ನು ತಿಳಿದಾಗ ನನಗೆ ನಮ್ಮ ಗುರುಗಳ ನಿಯಮಗಳು ಸಮುದ್ರ ದಾಟಿ ಹೋದುವೋ ಎನಿಸಿತು. ಹೋಗಿಲ್ಲ, ಮೃಗವಾಗಲು ಹೊರಟವರೆಲ್ಲರಿಗೂ ಅನುಭವವೇ ಅದನ್ನು ಕಲಿಸಿರಬೇಕು.

ಒಂದು ಭೇದವನ್ನು ಮಾತ್ರ ಮರೆಯಬಾರದು. ಅಲ್ಲಿ ವೇಷಧಾರಿಯು ತನ್ನ ಮೃಗವನ್ನು ತಾನೇ ಆರಿಸಿ, ಬಣ್ಣ ನಿರ್ಧರಿಸಿ, ಅದಕ್ಕೊಂದು ಹೆಸರಿಡುತ್ತಾನೆ. ಅದು ಅವನ ಮನಸ್ಸಿನ ಸೃಷ್ಟಿ. ನಮ್ಮಲ್ಲಿ ಹುಲಿ ಮೊದಲೇ ಇದೆ. ನನಗಿಂತ ಮುಂಚೆ ಎಷ್ಟೋ ಜನರ ಮೈಮೇಲೆ ಇತ್ತು, ನನ್ನ ಅನಂತರವೂ ಇರುತ್ತದೆ. ನಾನು ಅದಕ್ಕೆ ಒಂದು ದಿನ ಮೈ ಕೊಟ್ಟವನು.

ಈಗ ಹರಕೆಯ ಮಾತಿಗೆ ಬರುತ್ತೇನೆ. ರಥಬೀದಿಗೆ ಹೋಗುವ ಮೊದಲು ತಂಡ ನಮ್ಮ ಮನೆಗೆ ಬಂದಿತು. ಅಜ್ಜಿಯನ್ನು ಜಗಲಿಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ತಂದೆಯವರು ಕಂಬಕ್ಕೆ ಒರಗಿ ನಿಂತಿದ್ದರು. ಕುಣಿತ ಮುಗಿಸಿ ನಾನು ಅಜ್ಜಿಯ ಕಾಲ ಬಳಿ ಕುಳಿತೆ. ಅವರ ಕೈ ಗಾಳಿಯಲ್ಲಿ ತಡಕಾಡಿ ನನ್ನ ತೋಳಿಗೆ ತಾಗಿತು. ಉಣ್ಣೆಯ ಮೇಲೆ ಮೆಲ್ಲಗೆ ಸರಿಯಿತು. ನಾನು ಎಣಿಸಿದ್ದೇನು? ಮೊಮ್ಮಗನ ಗುರುತು ಹಿಡಿದು ತಲೆ ಸವರುತ್ತಾರೆ ಎಂದು. ಅವರು ಎರಡೂ ಕೈ ಜೋಡಿಸಿದರು. "ಪಿಲಿ ಬತ್ತ್ಂಡ್" ಎಂದರು. ಹುಲಿ ಬಂತು ಎಂದರ್ಥ. ಆಮೇಲೆ ಹುಲಿಯೊಡನೆ ತಗ್ಗಿದ ದನಿಯಲ್ಲಿ, "ತಡವಾಯಿತು, ತಪ್ಪೆಣಿಸಬೇಡ. ನನ್ನ ಮಾತು ಸಂದಿತು. ಹುಡುಗನನ್ನು ನೋಡಿಕೋ" ಎಂದರು.

ಅಜ್ಜೀ, ನಾನೇ ಎಂಬ ಮಾತು ಗಂಟಲಿನವರೆಗೆ ಬಂದಿತು. ಹೇಳಿದ್ದರೆ ಅವರಿಗೆ ಮೊಮ್ಮಗನು ಸಿಗುತ್ತಿದ್ದನು, ಹುಲಿ ಹೋಗಿಬಿಡುತ್ತಿತ್ತು. ಹದಿಮೂರು ವರ್ಷ ಕಾದಿದ್ದವರು ಹುಲಿಗಾಗಿ. ಮೊಮ್ಮಗನು ದಿನವೂ ಮನೆಯಲ್ಲೇ ಇದ್ದನು. ನಾನು ಮಾತನಾಡಲಿಲ್ಲ. ಹುಲಿಯ ತಲೆಯನ್ನು ಅವರ ಮಡಿಲಿಗೆ ಒಮ್ಮೆ ತಾಗಿಸಿ ಎದ್ದೆ. ಹಿಂದಿರುಗಿ ನೋಡಿದಾಗ ತಂದೆಯವರು ಹೆಗಲಿನ ಟವಲಿನಿಂದ ಮುಖ ಒರಸಿಕೊಳ್ಳುತ್ತಿದ್ದರು. ಅಂದು ಸೆಕೆ ಹೆಚ್ಚಾಗಿತ್ತು.

ಮನುಷ್ಯನು ಮೃಗದ ವೇಷ ಏಕೆ ಹಾಕುತ್ತಾನೆ? ತನ್ನನ್ನು ಮರೆಸಿಕೊಳ್ಳಲು ಎಂದು ಕೆಲವರು ಹೇಳಬಹುದು, ತನ್ನನ್ನು ಮೆರೆಸಿಕೊಳ್ಳಲು ಎಂದು ಮತ್ತೆ ಕೆಲವರು. ಎರಡರಲ್ಲಿಯೂ ಸತ್ಯವಿದೆ, ಬಣ್ಣಕ್ಕೆ ನಿಂತಾಗ ನನ್ನಲ್ಲಿಯೂ ಎರಡೂ ಇದ್ದುವು. ಆದರೆ ಅಂಗಳದ ಮಗುವಿನ ಎದುರಿಗೂ ಜಗಲಿಯ ಅಜ್ಜಿಯ ಎದುರಿಗೂ ನಾನು ಕಂಡದ್ದು ಬೇರೆ. ವೇಷವನ್ನು ತೊಡುವವನು ಒಬ್ಬನಾದರೂ ಅದು ಸೇರುವುದು ನೋಡುವವರಿಗೆ. ವೇಷಧಾರಿಯ ಕೆಲಸ, ಸೆಕೆಯನ್ನು ಸಹಿಸಿ, ಬಾಯಿಮುಚ್ಚಿ, ಅವರು ಕಂಡದ್ದನ್ನು ಕೆಡಿಸದಿರುವುದು. ಹರಕೆಯ ವಿಷಯದಲ್ಲಿ ನನ್ನ ವಾದವನ್ನು ನಾನು ಬಿಟ್ಟಿಲ್ಲ; ಜ್ವರ ಔಷಧದಿಂದಲೇ ಬಿಟ್ಟಿರಬೇಕು. ಆದರೆ ಕೊಟ್ಟ ಮಾತೂ ಒಂದು ಋಣವೆಂಬ ಅಜ್ಜಿಯ ವಾದವನ್ನು ಕೂಡ ಈಗ ಒಪ್ಪುತ್ತೇನೆ.

ಬಣ್ಣ ತೆಗೆಯಲು ತೆಂಗಿನೆಣ್ಣೆ, ಸೀಮೆಎಣ್ಣೆ, ಸಾಬೂನು, ಅರ್ಧ ದಿನ ಬೇಕಾಯಿತು. ಆದರೂ ಕಿವಿಯ ಹಿಂದೆ ಉಳಿದದ್ದನ್ನು ಅಧ್ಯಾಪಕರು ಕಂಡುಹಿಡಿದರು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ ನನ್ನ ಕಡೆ ತಿರುಗಿ, "ನಿನ್ನೆ ಮನೆಗೆ ಹುಲಿ ಬಂದಿತ್ತು ಮಗಾ. ನೀನು ಎಲ್ಲಿಗೆ ಹೋಗಿದ್ದಿ?" ಎಂದು ಕೇಳಿದರು. ಅವರಿಗೆ ತಿಳಿದಿತ್ತೋ ಇಲ್ಲವೋ ನಾನರಿಯೆ. ತುಟಿಯ ಕೊನೆಯಲ್ಲಿ ಸಣ್ಣ ನಗುವಿತ್ತು. "ಇಲ್ಲೇ ಇದ್ದೆ ಅಜ್ಜಿ" ಎಂದೆ.