ಕ್ಯಾಸಲ್‌ರಾಕ್: ಕಂಬಿಗಳು ಕಟ್ಟಿದ ಊರು

ಹೊಳೆಯ ದಂಡೆಯಲ್ಲಿ ಊರು ಹುಟ್ಟುತ್ತದೆ, ಸಂತೆಯ ಸುತ್ತ ಊರು ಬೆಳೆಯುತ್ತದೆ ಎಂದು ನಾವು ಓದಿದ್ದೇವೆ. ಆದರೆ ಕೇವಲ ಎರಡು ಕಂಬಿಗಳ ಆಸರೆಯಿಂದ, ದಟ್ಟ ಅಡವಿಯ ನಡುವೆ ತಲೆಯೆತ್ತಿದ ಊರೊಂದು ನಮ್ಮ ನಾಡಿನಲ್ಲಿಯೇ ಉಂಟು. ಅದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್. ಲೋಂಡಾದಿಂದ ಗೋವೆಗೆ ಹೋಗುವವರು ಇಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಇಣುಕಿ, ದೂಧಸಾಗರ ಇನ್ನೆಷ್ಟು ದೂರವೆಂದು ಕೇಳುತ್ತಾರೆ. ಊರಿನತ್ತ ಕಣ್ಣು ಹಾಯಿಸುವವರು ವಿರಳ. ನಾನೂ ಮೊದಲ ಸಲ ಹಾಗೆಯೇ ದಾಟಿಹೋದವನು.

ಈ ಊರಿನ ಜಾತಕ ಬರೆದದ್ದು ದೂರದ ಎರಡು ಸರಕಾರಗಳು. 1878ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮತ್ತು ಪೋರ್ತುಗಲ್ ಒಂದು ಒಪ್ಪಂದ ಮಾಡಿಕೊಂಡವು. ಗೋವೆಗೂ ಬ್ರಿಟಿಷ್ ಹಿಂದೂಸ್ಥಾನಕ್ಕೂ ನಡುವಣ ಸುಂಕದ ಗೋಡೆಯನ್ನು ತೆಗೆಯುವುದು, ಮಾರ್ಮಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲುಹಾದಿ ಹಾಕುವುದು, ಇವು ಅದರ ಮುಖ್ಯ ಮಾತುಗಳು. ಗೋವೆಯ ಉಪ್ಪಿನ ಮೇಲಿನ ಹತೋಟಿ ಇಂಗ್ಲಿಷರಿಗೆ ಹೋಯಿತು. ಬದಲಿಗೆ ಪೋರ್ತುಗೀಜರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ರೈಲಿಗೆ ಹೂಡಿದ ಬಂಡವಾಳದ ಬಡ್ಡಿಯ ಭರವಸೆಗೆ ಆ ಹಣವೇ ಆಧಾರವಾಯಿತು. ಅಂದರೆ ಈ ಕಂಬಿಗಳ ಬೆಲೆಯನ್ನು ಒಂದರ್ಥದಲ್ಲಿ ತೆತ್ತವರು ಗೋವೆಯ ಉಪ್ಪಿನಾಗರದ ಬಡವರು. ನಮ್ಮ ಪಠ್ಯಗಳಲ್ಲಿ ಈ ಮಾತಿಗೆ ಒಂದು ಸಾಲೂ ಸಿಗದಿರುವುದು ವಿಷಾದದ ಸಂಗತಿ.

ಕೆಳಗಿನಿಂದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ, ಮೇಲಿನಿಂದ ಸದರ್ನ್ ಮರಾಠಾ ರೈಲ್ವೆ. ಎರಡೂ ಮೀಟರ್‌ಗೇಜ್ ಹಾದಿಗಳು. ಇವು ಕೂಡಿದ್ದು ಕ್ಯಾಸಲ್‌ರಾಕಿನಲ್ಲಿ. 1888ರ ಹೊತ್ತಿಗೆ ಬಂದರಿನಿಂದ ಒಳನಾಡಿನವರೆಗೆ ಹಾದಿ ತೆರೆಯಿತು. ಆದರೆ ನಾಲ್ಕೇ ವರ್ಷಗಳಲ್ಲಿ, 1892ರಲ್ಲಿ, ಒಪ್ಪಂದ ಮುರಿದುಬಿತ್ತು. ಸುಂಕದ ಗೋಡೆ ಮತ್ತೆ ಎದ್ದಿತು. ಆ ಕಡೆ ಕುಳೆಮ್‌ನಲ್ಲಿ ಪೋರ್ತುಗೀಜರ ತನಿಖೆ, ಈ ಕಡೆ ಕ್ಯಾಸಲ್‌ರಾಕಿನಲ್ಲಿ ಇಂಗ್ಲಿಷರದು. ಸಮುದ್ರವೇ ಕಾಣದ ಈ ಊರು ಹೀಗೆ ಒಂದು ಒಣ ಬಂದರಾಯಿತು.

ಗಡಿಯಷ್ಟೇ ಇದ್ದರೆ ಸುಂಕದ ಚೌಕಿಯೊಂದು ಇರುತ್ತಿತ್ತು, ಊರಾಗುತ್ತಿರಲಿಲ್ಲ. ಊರಾದದ್ದು ಘಟ್ಟದಿಂದ. ಇಲ್ಲಿಂದ ಕುಳೆಮ್‌ವರೆಗಿನ 26 ಕಿಲೋಮೀಟರು ಬ್ರಗಾಂಜಾ ಘಟ್ಟ. ಇಳಿಜಾರು 37ಕ್ಕೆ 1, ಅಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಕಣ್ಣಿಗೆ ಇದು ಏನೂ ಅಲ್ಲ. ಉಕ್ಕಿನ ಮೇಲೆ ಉಕ್ಕು ಉರುಳುವಾಗ ಇದು ಗೋಡೆ ಹತ್ತಿದಂತೆ. ಆದುದರಿಂದ ಏರುವ ಗಾಡಿಯನ್ನು ಹಿಂದಿನಿಂದ ನೂಕಲು ಬೇರೆ ಎಂಜಿನುಗಳು ಬೇಕು. ಇವನ್ನು ಬ್ಯಾಂಕರ್ ಎನ್ನುತ್ತಾರೆ. ಇಳಿಯುವ ಗಾಡಿಗೆ ಬ್ರೇಕಿನ ಪರೀಕ್ಷೆ ಆಗಲೇಬೇಕು. ಹಿಡಿತ ತಪ್ಪಿದ ಗಾಡಿಗಾಗಿ ಕ್ಯಾಚ್ ಸೈಡಿಂಗ್ ಎಂಬ ಕವಲುಹಾದಿ ಉಂಟು: ಓಡಿಬಂದ ಗಾಡಿ ಅದರೊಳಗೆ ತಿರುಗಿ, ಎದುರು ದಿಬ್ಬವನ್ನೇರಿ, ತನ್ನ ಭಾರದಿಂದಲೇ ನಿಲ್ಲುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಡ್ರೈವರ್, ಗಾರ್ಡ್, ಪಾಯಿಂಟ್ಸ್‌ಮನ್, ಗ್ಯಾಂಗ್‌ಮನ್ ಇವರೆಲ್ಲ ಇಲ್ಲಿಯೇ ವಾಸಿಸಬೇಕಷ್ಟೆ. ಕ್ವಾರ್ಟರ್ಸುಗಳು ಎದ್ದದ್ದು ಹಾಗೆ.

ಮಳೆಗಾಲದಲ್ಲಿ ಈ ಬಾಳು ಎಂತಹದೆಂದು ಹೇಳಲೇಬೇಕು. ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದೊಂದು. ಗುಡ್ಡ ಕುಸಿದಿದೆಯೆ, ಮರ ಬಿದ್ದಿದೆಯೆ ಎಂದು ನೋಡಲು ಇರುಳಿಡೀ ಪಹರೆಯವರು ಕಂಬಿಯ ಗುಂಟ ನಡೆಯುತ್ತಾರೆ. ಕೈಯಲ್ಲಿ ಲಾಂದ್ರ, ಚೀಲದಲ್ಲಿ ಅಪಾಯದ ಪಟಾಕಿ. ಒಬ್ಬನ ಸರಹದ್ದು ಮುಗಿಯುವಲ್ಲಿ ಇನ್ನೊಬ್ಬ ಎದುರಾಗುತ್ತಾನೆ; ಇಬ್ಬರೂ ತಮ್ಮ ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು ಹಿಂದಿರುಗುತ್ತಾರೆ. ನಡೆದದ್ದಕ್ಕೆ ಅದೇ ಸಾಕ್ಷಿ. ಮೆತ್ತನೆಯ ಆಸನದಲ್ಲಿ ಕುಳಿತು ಜಲಪಾತವನ್ನು ಹೊಗಳುವ ನಮಗೆ ಈ ಪುಸ್ತಕದ ಸುದ್ದಿ ತಿಳಿದಿರುವುದಿಲ್ಲ.

ಸ್ವಾತಂತ್ರ್ಯದ ಹೋರಾಟವೂ ಇದೇ ಹಾದಿ ಹಿಡಿಯಿತು. 1946ರ ಸೆಪ್ಟೆಂಬರಿನಲ್ಲಿ ಎರಡನೆಯ ಸಲ ಗೋವೆಯನ್ನು ಹೊಕ್ಕ ಡಾ. ರಾಮಮನೋಹರ ಲೋಹಿಯಾ ಅವರನ್ನು ಪೋರ್ತುಗೀಜರು ಬಂಧಿಸಿದ್ದು ಕುಳೆಮ್ ನಿಲ್ದಾಣದಲ್ಲಿ. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಅದೇ ವರ್ಷ ಗಡಿಯಾಚೆಯ ರೈಲು ಸಂಚಾರವೂ ನಿಂತಿತು. ಮುಂದೆ ಆರು ವರ್ಷಗಳ ಮಟ್ಟಿಗೆ ಕ್ಯಾಸಲ್‌ರಾಕ್ ಹಾದಿಯ ಕೊನೆಯಾಗಿತ್ತು. ಕಂಬಿ ಮುಂದಕ್ಕೆ ಇತ್ತು, ಗಾಡಿ ಮಾತ್ರ ಇರಲಿಲ್ಲ. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಯಿತು, ಗಾಡಿ ಮತ್ತೆ ಇಳಿಯಿತು. ಎಲ್ಲರೂ ಸಂತೋಷಪಟ್ಟ ಆ ದಿನವೇ ಸುಂಕದ ಕಟ್ಟೆಗೆ ಕೆಲಸ ಮುಗಿಯಿತೆಂಬುದನ್ನು ಮರೆಯಲಾಗದು.

ಉಳಿದದ್ದು ಘಟ್ಟ. 1990ರ ದಶಕದಲ್ಲಿ ಹಾದಿ ಬ್ರಾಡ್‌ಗೇಜ್ ಆಯಿತು, ಉಗಿಯ ಬದಲು ಡೀಸೆಲ್ ಬಂದಿತು. ಆದರೂ ಬ್ಯಾಂಕರಿನ ನೂಕು ತಪ್ಪಲಿಲ್ಲ. ಎರಡನೆಯ ಜೊತೆ ಕಂಬಿ ಹಾಕುವ ಯೋಜನೆಗೆ ದೊರೆತಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಕಾಡಿನ ಮಟ್ಟಿಗೆ ಇದು ಒಳ್ಳೆಯದೆಂದೇ ನನ್ನ ಮತ. ಆದರೆ ಕಂಬಿಯನ್ನೇ ನಂಬಿದ ಊರಿನವರು ಬೇರೆ ಮಾತು ಹೇಳಿದರೆ ಅವರನ್ನು ತಪ್ಪೆನ್ನಲಾರೆ.

ಇನ್ನೊಂದು ಮಾತು. ರೈಲ್ವೆಯ ಮನೆ ನೌಕರಿಯಿರುವವರೆಗೆ ಮಾತ್ರ. ವರ್ಗವಾದರೆ, ನಿವೃತ್ತಿಯಾದರೆ ಬೀಗದ ಕೈ ಒಪ್ಪಿಸಿ ಹೊರಡಬೇಕು. ಹೀಗಾಗಿ ಊರಿನ ಕಥೆ ಬಲ್ಲ ಹಿರಿಯರು ಊರಿನಲ್ಲಿ ಇರುವುದಿಲ್ಲ. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಗುಂತಕಲ್ಲಿನಲ್ಲೋ ಮಕ್ಕಳ ಮನೆಯ ಪಡಸಾಲೆಯಲ್ಲಿ ಕುಳಿತಿರುತ್ತಾರೆ. ನಮ್ಮ ಕಾಲೇಜಿನಲ್ಲಿಯೂ ಅಂತಹ ಮನೆಗಳಿಂದ ಬಂದ ಮಿತ್ರರು ಇದ್ದಾರು. ಅವರು ಈ ರಜೆಯಲ್ಲಿ ಅಜ್ಜನ ಪಕ್ಕದಲ್ಲಿ ಒಂದು ನೋಟುಬುಕ್ಕು ಹಿಡಿದು ಕೂರಲಿ.