ಹಾಲಿನ ಕೂಲರ್ ಒತ್ತಡ ತಪ್ಪು ತೋರಿಸಿದಾಗ ಏನು ಮಾಡಬೇಕು?

ಅಂಕಲಿ ಸುತ್ತಲಿನ ಕೃಷ್ಣಾ ತೀರದ ಊರುಗಳಲ್ಲಿ ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯಬೇಕು. ಸಂತೆ, ಔಷಧ, ಮಕ್ಕಳ ಫೀ ಎಲ್ಲ ನಡೆಯುವುದು ಹಾಲಿನ ರೊಕ್ಕದ ಮೇಲೆ. ಹೀಗಾಗಿ ಸಂಘದ ಬಿ.ಎಂ.ಸಿ., ಅಂದರೆ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕು, ಕೆಟ್ಟು ನಿಂತರೆ ಒಂದೇ ಎಮ್ಮೆ ಕಟ್ಟಿದ ಮನೆಗೂ ಅದರ ಪೆಟ್ಟು ಬೀಳುತ್ತದೆ. ಆಗತಾನೆ ಕರೆದ ಹಾಲು 37 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಅದನ್ನು ಸುಮಾರು ಮೂರು ತಾಸಿನೊಳಗೆ 4 ಡಿಗ್ರಿಗೆ ಇಳಿಸಬೇಕು, ಇಲ್ಲದಿದ್ದರೆ ಹುಳಿಯುತ್ತದೆ.

ಈಗಿನ ಹಲವು ಕೂಲರುಗಳಲ್ಲಿ ಫ್ಯಾನನ್ನು ನಡೆಸುವುದು ಎಲೆಕ್ಟ್ರಾನಿಕ್ ಪ್ರೆಶರ್ ಕಂಟ್ರೋಲ್. ಬಿಸಿ ಗ್ಯಾಸಿನ ಪೈಪಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಲೋಹದ ತುಂಡು ಇರುತ್ತದೆ, ಅದೇ ಟ್ರಾನ್ಸ್‌ಡ್ಯೂಸರ್. ಅದು ಒತ್ತಡವನ್ನು ವೋಲ್ಟೇಜಾಗಿ ಮಾಡಿ ಕಂಟ್ರೋಲ್ ಪೆಟ್ಟಿಗೆಗೆ ಕಳಿಸುತ್ತದೆ. ಒತ್ತಡ ಏರಿದರೆ ಪೆಟ್ಟಿಗೆ ಫ್ಯಾನು ಹಚ್ಚುತ್ತದೆ, ಇಳಿದರೆ ಬಂದ್ ಮಾಡುತ್ತದೆ. ಈ ಮಾತು ತಪ್ಪಿದರೆ ಫ್ಯಾನು ತಿರುಗುವುದಿಲ್ಲ, ಕಂಪ್ರೆಸರ್ ಟ್ರಿಪ್ ಆಗುತ್ತದೆ.

"ಸೆನ್ಸರ್ ಹೋಗೈತ್ರಿ, ಹೊಸಾದು ಹಾಕಬೇಕು" ಅನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ಅಳತೆ ಮಾಡದೆ ಈ ಮಾತಿಗೆ ಸಂಘದ ರೊಕ್ಕ ಬಿಚ್ಚಬ್ಯಾಡ್ರಿ. ಮೊದಲು ಸರ್ವೀಸ್ ವಾಲ್ವಿಗೆ ಸಾದಾ ಗೇಜು ಹಚ್ಚಿಸಿ ಪೆಟ್ಟಿಗೆಯ ಅಂಕಿಯ ಜೊತೆ ಹೋಲಿಸಿರಿ. ಗೇಜೂ 300 ಪಿ.ಎಸ್.ಐ., ಪೆಟ್ಟಿಗೆಯೂ 300 ತೋರಿಸಿದರೆ ಟ್ರಾನ್ಸ್‌ಡ್ಯೂಸರ್ ನಿಜವನ್ನೇ ಹೇಳುತ್ತಿದೆ, ಒತ್ತಡ ಏರಿದ್ದಕ್ಕೆ ಬೇರೆ ಕಾರಣವಿದೆ. ನಮ್ಮ ಭಾಗದಲ್ಲಿ ಮೊದಲು ನೋಡಬೇಕಾದದ್ದು ಕಂಡೆನ್ಸರಿನ ರೆಕ್ಕೆಗಳು. ರವದಿ ಸುಟ್ಟ ಬೂದಿ, ಹೊಟ್ಟು, ರಸ್ತೆಯ ಧೂಳು ಅಲ್ಲಿ ಕಂಬಳಿಯಂತೆ ಕೂತಿರುತ್ತವೆ. ಮೇನ್ ಬಂದ್ ಮಾಡಿ, ಗಾಳಿ ಹೊರಬರುವ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಫ್ಯಾನಿನ ಕೆಪ್ಯಾಸಿಟರನ್ನೂ ನೋಡಿಸಿರಿ.

ಗೇಜು ಒಂದು, ಪೆಟ್ಟಿಗೆ ಇನ್ನೊಂದು ಹೇಳಿದರೆ ಮೀಟರ್ ಬೇಕು. ಮೂರು ತಂತಿಯ ಟ್ರಾನ್ಸ್‌ಡ್ಯೂಸರಿನಲ್ಲಿ ಒಂದು 5 ವೋಲ್ಟ್ ಸಪ್ಲೈ, ಒಂದು ಗ್ರೌಂಡ್, ಒಂದು ಸಿಗ್ನಲ್. ಬಣ್ಣ ನಂಬಬೇಡಿರಿ, ಕಂಪನಿಯ ನಕ್ಷೆ ನೋಡಿರಿ. ಸಪ್ಲೈ ಮತ್ತು ಗ್ರೌಂಡ್ ನಡುವೆ 5 ವೋಲ್ಟ್ ಇಲ್ಲದಿದ್ದರೆ ಟ್ರಾನ್ಸ್‌ಡ್ಯೂಸರಿನ ಪ್ಲಗ್ ಬಿಚ್ಚಿ ಮತ್ತೆ ಅಳೆಯಿರಿ. ಆಗ 5 ಬಂದರೆ ಟ್ರಾನ್ಸ್‌ಡ್ಯೂಸರ್ ಒಳಗೇ ಶಾರ್ಟ್ ಆಗಿದೆ. ಆಗಲೂ ಬರದಿದ್ದರೆ ದೋಷ ತಂತಿಯಲ್ಲಿ, ಇಲ್ಲವೇ ಪೆಟ್ಟಿಗೆಯಲ್ಲಿ.

ಸಪ್ಲೈ ಸರಿಯಿದ್ದರೆ ಸಿಗ್ನಲ್ ಅಳೆಯಿರಿ. 0ದಿಂದ 500 ಪಿ.ಎಸ್.ಐ. ಅಳೆಯುವ, 0.5ರಿಂದ 4.5 ವೋಲ್ಟ್ ಕೊಡುವ ಜಾತಿಯದಾದರೆ ಲೆಕ್ಕ ಸುಲಭ: ಪ್ರತಿ 100 ಪಿ.ಎಸ್.ಐ.ಗೆ 0.8 ವೋಲ್ಟ್, ಅದಕ್ಕೆ ಮೊದಲಿನ 0.5 ಕೂಡಿಸಬೇಕು. ಗೇಜು 200 ತೋರಿಸುವಾಗ ಮೀಟರಿನಲ್ಲಿ 2.1 ಬರಬೇಕು. ಬಂದರೆ ಟ್ರಾನ್ಸ್‌ಡ್ಯೂಸರ್ ಸರಿಯಿದೆ, ತಪ್ಪು ಪೆಟ್ಟಿಗೆಯಲ್ಲಿ ಅಥವಾ ಅದರ ಸೆಟ್ಟಿಂಗಿನಲ್ಲಿ. ಬರೀ 3.4 ಅಥವಾ 1.1 ಬಂದರೆ ಟ್ರಾನ್ಸ್‌ಡ್ಯೂಸರನ್ನು ಬದಲಿಸುವ ಮಾತು ಆಡಬಹುದು. ಸೊನ್ನೆ ಬಂದರೆ ಅಥವಾ 5ರ ಹತ್ತಿರ ನಿಂತರೆ ಮೊದಲು ತಂತಿ ತುಂಡಾಗಿದೆಯೋ, ಒಂದಕ್ಕೊಂದು ತಾಗಿದೆಯೋ ನೋಡಿರಿ.

ಅಂಕಿ ಒಮ್ಮೆ ಸರಿ, ಒಮ್ಮೆ ತಪ್ಪು ಆಗುತ್ತಿದ್ದರೆ ಪ್ಲಗ್ಗಿನ ಮೇಲೆ ಅನುಮಾನವಿರಲಿ. ತೇವ ಹಿಡಿದ ಪಿನ್ನಿಗೆ ಹಸಿರು ಕಿಲುಬು ಕಟ್ಟುತ್ತದೆ. 2005 ಮತ್ತು 2019ರಲ್ಲಿ ಕೃಷ್ಣೆಯ ನೀರು ಊರೊಳಗೆ ಬಂದದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಇಲಿ ಕಡಿದ ತಂತಿಯೂ ಇದೇ ಆಟ ಆಡುತ್ತದೆ. ಮೋಟರಿನ ದಪ್ಪ ಕೇಬಲ್ಲಿಗೆ ಸಿಗ್ನಲ್ ತಂತಿಯನ್ನು ಸುತ್ತಿ ಕಟ್ಟಿದ್ದರೆ ಬಿಚ್ಚಿ ದೂರ ಸರಿಸಿರಿ.

ಹೈ ಪ್ರೆಶರ್ ಸ್ವಿಚ್ಚಿಗೆ ಜಂಪರ್ ಹಾಕಿ ಕೂಲರ್ ಓಡಿಸುವುದು ಮಾತ್ರ ಬೇಡವೇ ಬೇಡ. ಪೈಪು ಒಡೆಯಬಹುದು, ಎದುರಿಗೆ ನಿಂತವರ ಜೀವಕ್ಕೇ ಕುತ್ತು. ಪ್ಯಾನಲ್ಲಿನಲ್ಲಿ 415 ವೋಲ್ಟ್ ಇರುತ್ತದೆ, ಕಲಿತವರೇ ತೆರೆಯಲಿ. ರಿಪೇರಿ ತಡವಾಗುವಂತಿದ್ದರೆ ತಂಪಾದ ಹಾಲಿಗೆ ಬಿಸಿ ಹಾಲು ಸುರಿಯದೆ, ಹೊಸ ಹಾಲನ್ನು ಕ್ಯಾನಿನಲ್ಲಿ ಪಕ್ಕದೂರಿನ ಸಂಘಕ್ಕೆ ಕಳಿಸಿರಿ.

ಹೊಸ ಟ್ರಾನ್ಸ್‌ಡ್ಯೂಸರ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿರಿ. ಎರಡು ತಂತಿಯ 4ರಿಂದ 20 ಮಿಲಿಆಂಪಿಯರ್ ಜಾತಿಯದು ಮೂರು ತಂತಿಯದರ ಜಾಗದಲ್ಲಿ ಕೂತರೂ ಕೆಲಸ ಮಾಡುವುದಿಲ್ಲ. ಅದನ್ನು ಬಿಚ್ಚುವ ಮುನ್ನ ಕೆಳಗೆ ಗ್ಯಾಸು ತಡೆಯುವ ವಾಲ್ವ್ ಇದೆಯೋ ಇಲ್ಲವೋ ಮೆಕ್ಯಾನಿಕನನ್ನು ಕೇಳಿರಿ. ಇಲ್ಲದಿದ್ದರೆ ಗ್ಯಾಸೆಲ್ಲ ಹೊರಗೆ. ಹಾಕಿದ ಮೇಲೆ ಅದರ ರೇಂಜು, ಫ್ಯಾನು ಹತ್ತುವ ಒತ್ತಡ, ನಿಲ್ಲುವ ಒತ್ತಡ, ಈ ಮೂರನ್ನೂ ಪೆಟ್ಟಿಗೆಯ ಪಕ್ಕದ ಗೋಡೆಗೆ ಪೇಂಟಿನಲ್ಲಿ ಬರೆಸಿಡಿರಿ.